ಟ್ಯೂಬಿನ ಗೆರೆ ಹೊರಗೆ ಬಂದಿದೆ, ಎಂಟು ಗಂಟೆ ಫೀಡ್ ಹಾಕಲಾ ಬೇಡವಾ?

ಹಾಸನದ ಹುಡುಗಿ · ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ಜಿಡಿಎ (ಪೇಷೆಂಟ್ ನೋಡಿಕೊಳ್ಳುವ ಸಹಾಯಕರ) ಕೋರ್ಸ್ ಮುಗಿಸಿ ಏಳು ತಿಂಗಳಾಯಿತು. ಬೆಂಗಳೂರಿನ ಒಂದು ಮನೆಯಲ್ಲಿ ಪೇಷೆಂಟ್ ನೋಡಿಕೊಳ್ಳುತ್ತಿದ್ದೇನೆ. ಅಜ್ಜನಿಗೆ 76 ವರ್ಷ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಆಡುವುದಿಲ್ಲ. ನುಂಗಲು ಆಗುವುದಿಲ್ಲ ಅಂತ ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬ್ ಹಾಕಿದ್ದಾರೆ, ಊಟ (ಫೀಡ್) ಅದರಲ್ಲೇ.

ಇವತ್ತು ಬಂದು ನೋಡಿದರೆ ಮೂಗಿನ ಮೇಲಿನ ಪ್ಲಾಸ್ಟರ್ ಅರ್ಧ ಎದ್ದಿದೆ. ಆಸ್ಪತ್ರೆಯ ಸಿಸ್ಟರ್ ಪೆನ್ನಿನಲ್ಲಿ ಹಾಕಿಕೊಟ್ಟ ಗೆರೆ ಮೂಗಿನ ಹೊಳ್ಳೆಯ ಅಂಚಿಗೆ ಇರಬೇಕಿತ್ತು. ಈಗ ನಾಲ್ಕು ಬೆರಳಿನಷ್ಟು ಹೊರಗೆ ಬಂದಿದೆ. ಅಜ್ಜ ಆರಾಮಾಗಿದ್ದಾರೆ, ಕೆಮ್ಮಿಲ್ಲ. 8 ಗಂಟೆಗೆ ರಾಗಿ ಗಂಜಿ ಹಾಕಬೇಕು. ಮಗ "ಸ್ವಲ್ಪ ಒಳಗೆ ತಳ್ಳಿ ಹಾಕಿಬಿಡಮ್ಮ, ಅಪ್ಪ ಹಸಿದಿರ್ತಾರೆ" ಅನ್ನುತ್ತಿದ್ದಾರೆ. ಸಿರಿಂಜಿನಲ್ಲಿ ಗಾಳಿ ಬಿಟ್ಟು ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟೆ. ಗುಳುಗುಳು ಅಂತ ಕೇಳುತ್ತಿದೆ. ಹಾಗಾದರೆ ಸರಿಯಾಗಿದೆ ಅಂತಲಾ? ಯಾರಾದರೂ ಬೇಗ ಹೇಳಿ.

ವಾರ್ಡ್ ಸಿಸ್ಟರ್ · 7:17

ಹಾಕಬೇಡಮ್ಮ. ತಳ್ಳಲೂ ಬೇಡ.

ಈಗ ಇಷ್ಟು ಮಾಡು. ಟ್ಯೂಬ್ ಎಲ್ಲಿದೆಯೋ ಅಲ್ಲೇ ಹೊಸ ಪ್ಲಾಸ್ಟರ್ ಹಾಕಿ ನಿಲ್ಲಿಸು. ಮುಚ್ಚಳ ಹಾಕಿರಲಿ. ನೀರೂ ಬೇಡ, ಮಾತ್ರೆಯೂ ಬೇಡ. ತಲೆಯ ಕಡೆ ಎತ್ತರಿಸು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡು, ಟ್ಯೂಬ್ ಗಂಟಲಲ್ಲಿ ಸುರುಳಿ ಸುತ್ತಿಕೊಂಡಿರಬಹುದು. ಆಮೇಲೆ ಟ್ಯೂಬ್ ಹಾಕಿಕೊಟ್ಟ ಕಡೆಗೆ ಫೋನ್ ಮಾಡಿ, ಎಷ್ಟು ಹೊರಗೆ ಬಂದಿದೆ ಅಂತ ಅಳತೆ ಸಮೇತ ಹೇಳು. ಕಾರಣ ನಿಧಾನವಾಗಿ ಬರೆಯುತ್ತೇನೆ. ಒಂದು ಹೊತ್ತು ಊಟ ತಪ್ಪಿದರೆ ಏನೂ ಆಗುವುದಿಲ್ಲ. ಗಂಜಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಅಮ್ಮನ ಮಗಳು, ಮೈಸೂರು · 7:21

ಸಿಸ್ಟರ್, ಒಂದು ಮಾತು ಸೇರಿಸಲೇಬೇಕು. ಹಾಸನದವರೇ, ಅಜ್ಜನಿಗೆ ಶುಗರ್ ಇದೆಯಾ? ಬೆಳಗಿನ ಇನ್ಸುಲಿನ್ ಕೊಟ್ಟುಬಿಟ್ಟಿದ್ದೀರಾ?

ಹಾಸನದ ಹುಡುಗಿ · 7:23

ಇದೆ ಅಕ್ಕ. 7:30ಕ್ಕೆ ಕೊಡಬೇಕು. ಸಿರಿಂಜ್ ತುಂಬಿ ಇಟ್ಟಿದ್ದೆ, ಇನ್ನೂ ಕೊಟ್ಟಿಲ್ಲ.

ಅಮ್ಮನ ಮಗಳು, ಮೈಸೂರು · 7:26

ಸದ್ಯ. ಡಾಕ್ಟರ್ ಹತ್ತಿರ ಮಾತಾಡುವ ತನಕ ಕೊಡಬೇಡಿ. ಮೊದಲು ಗ್ಲೂಕೋಮೀಟರಿನಲ್ಲಿ ನೋಡಿ. ಫೋನಿನಲ್ಲಿ ಎರಡನ್ನೂ ಹೇಳಿ: ಟ್ಯೂಬ್ ಜಾರಿದೆ, ಫೀಡ್ ಹೋಗಿಲ್ಲ, ಇನ್ಸುಲಿನ್ ಏನು ಮಾಡಲಿ ಅಂತ. ಕೆಲವು ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ, ಕಡಿಮೆ ಮಾಡಿ ಕೊಡಿಸುತ್ತಾರೆ. ಅದನ್ನು ಅವರೇ ಹೇಳಬೇಕು, ನಾವು ಊಹೆ ಮಾಡಬಾರದು.

ನನ್ನ ಅಮ್ಮನಿಗೆ ಹೀಗೇ ಆಗಿತ್ತು. ಇನ್ಸುಲಿನ್ ಕೊಟ್ಟು ಹತ್ತು ನಿಮಿಷಕ್ಕೆ ಅಮ್ಮ ಟ್ಯೂಬ್ ಕಿತ್ತುಕೊಂಡರು. ಒಂದು ಹೊತ್ತು ತಾನೇ ಅಂದುಕೊಂಡೆ. ಒಂದೂವರೆ ಗಂಟೆಯಲ್ಲಿ ಮೈಯೆಲ್ಲ ಬೆವರು, ಕರೆದರೆ ಕಣ್ಣು ಬಿಡಲಿಲ್ಲ. ಶುಗರ್ 48 ಇತ್ತು. ಬಾಯಿಗೆ ಸಕ್ಕರೆ ಹಾಕುವಂತಿಲ್ಲ, ಟ್ಯೂಬ್ ಇಲ್ಲ. 108 ಆಂಬುಲೆನ್ಸಿನವರು ಬಂದು ಡ್ರಿಪ್ಪಿನಲ್ಲಿ ಗ್ಲೂಕೋಸ್ ಕೊಟ್ಟ ಮೇಲೆ ಎಚ್ಚರವಾದರು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಹೋಗಿರುವ ಪೇಷೆಂಟಿಗೆ ಒಂದು ಹೊತ್ತು ತಪ್ಪುವುದೂ ದೊಡ್ಡ ವಿಷಯವೇ.

ವಾರ್ಡ್ ಸಿಸ್ಟರ್ · 7:29

ಒಪ್ಪಿದೆ. ಅವಸರದಲ್ಲಿ ನಾನು ಬಿಟ್ಟ ಮಾತು ಅದು. ಶುಗರ್ 70ಕ್ಕಿಂತ ಕೆಳಗಿದ್ದರೆ ಯಾರ ಫೋನಿಗೂ ಕಾಯಬೇಡಮ್ಮ, ಸೀದಾ 108.

ಹಾಸನದ ಹುಡುಗಿ · 7:41

ಶುಗರ್ 162 ಇದೆ. ಆಸ್ಪತ್ರೆಯವರು ಕರೆದುಕೊಂಡು ಬನ್ನಿ ಅಂದರು. ಇನ್ಸುಲಿನ್ ಈಗ ಬೇಡ, ಅಲ್ಲೇ ನೋಡೋಣ ಅಂದರು. ಮಗ ಗಾಡಿ ತೆಗೆಯುತ್ತಿದ್ದಾರೆ. ಗಂಟಲಲ್ಲಿ ಸುರುಳಿ ಕಾಣಲಿಲ್ಲ. ಬಂದು ಬರೆಯುತ್ತೇನೆ.

ಹಳೇ ಅಟೆಂಡರ್ · 8:30

ನಾನು ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗಾಳಿ ಬಿಟ್ಟು ಸದ್ದು ಕೇಳಿಯೇ ಸಾವಿರಾರು ಫೀಡ್ ಹಾಕಿದ್ದೇನೆ. ನಮಗೆ ಕಲಿಸಿದ್ದೇ ಹಾಗೆ. ಏನೂ ಆಗಲಿಲ್ಲ. ಸಣ್ಣದಕ್ಕೆಲ್ಲ ಆಸ್ಪತ್ರೆಗೆ ಓಡಿಸಿದರೆ ಮನೆಯವರು ನಮ್ಮನ್ನು ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ. ನಾಲ್ಕು ಬೆರಳು ಅಷ್ಟೇ ತಾನೇ?

ವಾರ್ಡ್ ಸಿಸ್ಟರ್ · 9:05

ಅಣ್ಣ, ನಿಮ್ಮ ಅನುಭವಕ್ಕೆ ಗೌರವ ಇದೆ. ನನಗೂ ಟ್ರೈನಿಂಗಿನಲ್ಲಿ ಹಾಗೇ ಕಲಿಸಿದ್ದರು. ಆದರೆ ಆ ಸದ್ದು ಮೋಸ ಮಾಡುತ್ತದೆ. ಟ್ಯೂಬಿನ ತುದಿ ಅನ್ನನಾಳದಲ್ಲಿದ್ದರೂ, ಶ್ವಾಸಕೋಶದ ಕೆಳಭಾಗದಲ್ಲಿದ್ದರೂ ಹೊಟ್ಟೆ ಮೇಲೆ ಗುಳುಗುಳು ಕೇಳಬಹುದು. ಎದೆಗೂ ಹೊಟ್ಟೆಗೂ ನಡುವೆ ಇರುವುದು ವಪೆಯ ತೆಳು ಪದರ. ಸದ್ದು ಆಚೆ ಈಚೆ ಸಲೀಸಾಗಿ ದಾಟುತ್ತದೆ. ಟ್ಯೂಬಿನ ತುದಿಯನ್ನು ನೀರಲ್ಲಿ ಅದ್ದಿ ಗುಳ್ಳೆ ಬರುತ್ತಾ ಅಂತ ನೋಡುವುದೂ ನಂಬುವ ಹಾಗಿಲ್ಲ.

ನಾಲ್ಕು ಬೆರಳಿನ ಲೆಕ್ಕ ಹೇಳುತ್ತೇನೆ. ರೈಲ್ಸ್ ಟ್ಯೂಬಿನ ಮೇಲೆ ತುದಿಯಿಂದ 50, 60, 70 ಸೆಂಟಿಮೀಟರಿಗೆ ಕಂಪನಿಯದೇ ಗುರುತುಗಳಿರುತ್ತವೆ. ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿ. ಹೀಗೆ ಅಳೆದು ಹಾಕುತ್ತಾರೆ. ಅಜ್ಜನಿಗೆ 55ಕ್ಕೆ ನಿಲ್ಲಿಸಿದ್ದಾರೆ ಅಂತ ಇಟ್ಟುಕೊಳ್ಳಿ. ನಾಲ್ಕು ಬೆರಳು ಅಂದರೆ ಏಳೆಂಟು ಸೆಂಟಿಮೀಟರ್. ಅಂದರೆ ಈಗ ಒಳಗಿರುವುದು 47, 48. ತುದಿ ಹೊಟ್ಟೆಯ ಬಾಯಿ ಬಿಟ್ಟು ಅನ್ನನಾಳಕ್ಕೆ ಬಂದಿರಬಹುದು. ಅಲ್ಲಿ 200 ಎಂಎಲ್ ಗಂಜಿ ಸುರಿದರೆ ಅದು ಮೇಲೆ ಉಕ್ಕಿ ಗಂಟಲಿಗೆ ಬರುತ್ತದೆ. ಆರೋಗ್ಯವಾಗಿರುವವರು ಕೆಮ್ಮಿ ಹೊರಗೆ ಹಾಕುತ್ತಾರೆ. ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನಕ್ಕೆ ಕೆಮ್ಮೇ ಬರುವುದಿಲ್ಲ. ಸುಮ್ನೆ ಒಳಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ಜ್ವರ, ಏದುಸಿರು. ಆಗ ಯಾರೂ ಅದನ್ನು ಆ ಫೀಡಿಗೆ ಜೋಡಿಸುವುದಿಲ್ಲ ಅಣ್ಣ. ಅದಕ್ಕೇ ನಮಗೆಲ್ಲ ಏನೂ ಆಗಲಿಲ್ಲ ಅನ್ನಿಸುತ್ತದೆ.

ಟ್ಯೂಬ್ ಹೊಸದಾಗಿ ಹಾಕಿದಾಗ ಜಾಗ ಖಚಿತವಾಗುವುದು ಎಕ್ಸ್‌ರೇಯಲ್ಲಿ. ಅದರ ನಂತರ ದಿನವೂ ನಮ್ಮ ಕೈಯಲ್ಲಿರುವುದು ಗೆರೆ ನೋಡುವುದು. ಪ್ರತಿ ಫೀಡಿಗೂ, ಪ್ರತಿ ಮಾತ್ರೆಗೂ ಮುಂಚೆ.

ಕಾರ್ಡಿಫ್ ಕನ್ನಡಿಗ · 11:20

ನಾನು ವೇಲ್ಸ್‌ನಲ್ಲಿ ಕೇರ್ ಹೋಮಿನಲ್ಲಿ ಕೆಲಸ ಮಾಡುತ್ತೇನೆ, ಮೂಲ ದಾವಣಗೆರೆ. ಬ್ರಿಟನ್ನಿನಲ್ಲಿ 2005ರಲ್ಲೇ ರೋಗಿ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಈ ಗಾಳಿ ಬಿಡುವ ಪರೀಕ್ಷೆಯನ್ನು ನೆಚ್ಚಬೇಡಿ ಅಂತ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕಳಿಸಿತು. ತಪ್ಪು ಜಾಗದಲ್ಲಿರುವ ಟ್ಯೂಬಿಗೆ ಫೀಡ್ ಹಾಕುವುದನ್ನು ಇಂಗ್ಲೆಂಡಿನಲ್ಲಿ 'ನೆವರ್ ಈವೆಂಟ್' ಪಟ್ಟಿಯಲ್ಲಿ ಇಟ್ಟಿದ್ದಾರೆ. ಯಾವತ್ತೂ ಆಗಲೇಬಾರದ ತಪ್ಪು ಅಂತ ಅರ್ಥ.

ಇಲ್ಲಿ ಟ್ಯೂಬಿನಿಂದ ಸ್ವಲ್ಪ ರಸ ಎಳೆದು ಪಿಹೆಚ್ ಪಟ್ಟಿಯ ಮೇಲೆ ಹಾಕುತ್ತಾರೆ. ಆಮ್ಲ ಜಾಸ್ತಿ ಇದ್ದಷ್ಟೂ ಅಂಕಿ ಕಡಿಮೆ ಬರುತ್ತದೆ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ರಸ ಅಂತ ಮುಂದುವರಿಯುತ್ತಾರೆ. ಜಾಸ್ತಿ ಬಂದರೆ ನಿಲ್ಲಿಸುತ್ತಾರೆ. ಈಗಷ್ಟೇ ಹಾಲು ಹೋಗಿದ್ದರೆ, ಅಥವಾ ಪ್ಯಾಂಟೊಪ್ರಜೋಲ್ ತರಹದ ಗ್ಯಾಸ್ ಮಾತ್ರೆ ನಡೆಯುತ್ತಿದ್ದರೆ ಅಂಕಿ ಮೇಲೆ ಹೋಗುತ್ತದೆ. ಆಗ ಸ್ವಲ್ಪ ಹೊತ್ತು ಕಾದು ಮತ್ತೆ ನೋಡಬೇಕು. ಲ್ಯಾಬಿನ ನೀಲಿ ಲಿಟ್ಮಸ್ ಕಾಗದ ಇದಕ್ಕೆ ಸಾಲದು, ಅಂಕಿ ತೋರಿಸುವ ಪಟ್ಟಿಯೇ ಬೇಕು.

ರಾತ್ರಿ ಪಾಳಿ · ಮಧ್ಯಾಹ್ನ 12:15

ನನ್ನ ಪ್ರಶ್ನೆ ಬೇರೆ. ಟ್ಯೂಬ್ ಪೂರ್ತಿ ಕಿತ್ತು ಬಂದರೆ ವಾಪಸ್ ಹಾಕು ಅಂತ ಮನೆಯವರು ನಮ್ಮನ್ನೇ ಕೇಳುತ್ತಾರೆ. ರಾತ್ರಿ 11 ಗಂಟೆಗೆ ಯಾರನ್ನು ಕರೆಯುವುದು? ನಾನು ನೋಡಿ ಕಲಿತಿದ್ದೇನೆ, ಎರಡು ಸಲ ಹಾಕಿಯೂ ಇದ್ದೇನೆ. ಇನ್ನೊಂದು ಪೇಷೆಂಟಿಗೆ ಪೆಗ್ ಟ್ಯೂಬ್ ಇದೆ, ಹೊಟ್ಟೆಗೇ ತೂತು ಮಾಡಿ ಹಾಕಿದ್ದು. ಅದು ಬಂದರೆ?

ವಾರ್ಡ್ ಸಿಸ್ಟರ್ · 1:40

ದಯವಿಟ್ಟು ಮೂರನೇ ಸಲ ಹಾಕಬೇಡಮ್ಮ. ಟ್ಯೂಬ್ ಹಾಕುವುದು, ಒಳಗೆ ತಳ್ಳುವುದು ನಮ್ಮ ಅಟೆಂಡರುಗಳ ಕೆಲಸದಲ್ಲಿ ಬರುವುದಿಲ್ಲ. ಅದು ಹೆದರಿಸುವ ಮಾತಲ್ಲ. ಪ್ರಜ್ಞೆ ಸರಿಯಿಲ್ಲದವರಿಗೆ ಟ್ಯೂಬ್ ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬರದೇ ಇರಬಹುದು. ನಿನಗೆ ಸರಿಯಾಗಿ ಹೋಯಿತು ಅಂತಲೇ ಅನ್ನಿಸುತ್ತದೆ. ರಾತ್ರಿ ಮೂಗಿನ ಟ್ಯೂಬ್ ಬಂದರೆ ಡಾಕ್ಟರಿಗೆ ಫೋನ್ ಮಾಡಿ ಇನ್ಸುಲಿನ್, ಫಿಟ್ಸ್ ಮಾತ್ರೆ ವಿಷಯ ಕೇಳು. ಅವರು ಕಾಯಬಹುದು ಅಂದರೆ ಬೆಳಿಗ್ಗೆ ಹಾಕಿಸಬಹುದು.

ಪೆಗ್ ಹಾಗಲ್ಲ. ಅದು ಬಂದರೆ ಬೆಳಗಿನ ತನಕ ಕಾಯುವ ಹಾಗೇ ಇಲ್ಲ. ಹೊಟ್ಟೆಯ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಶುದ್ಧ ಗಾಜ್ ಮುಚ್ಚಿ, ಬಂದ ಟ್ಯೂಬನ್ನೂ ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡು. ಪೆಗ್ ಹಾಕಿ ತಿಂಗಳೂ ಆಗಿಲ್ಲದಿದ್ದರೆ ಇನ್ನೂ ಜೋಪಾನ. ಆ ದಾರಿ ಗಟ್ಟಿಯಾಗಿರುವುದಿಲ್ಲ, ಕುರುಡಾಗಿ ತೂರಿಸಿದರೆ ಹೊಟ್ಟೆಯ ಚೀಲ ಬಿಟ್ಟು ಹೊರಗೆ ಹೋಗಿಬಿಡಬಹುದು.

ಮನೆಯವರಿಗೂ ಒಂದು ಮಾತು. ನಾಲ್ಕಾರು ವಾರ ಆದರೂ ನುಂಗುವುದು ಬಂದಿಲ್ಲ ಅಂದರೆ ಪೆಗ್ ಬಗ್ಗೆ ಡಾಕ್ಟರನ್ನು ಕೇಳಿ. 'ಹೊಟ್ಟೆ ಕೊಯ್ಯಿಸಬೇಕಾ' ಅಂತ ಎಲ್ಲರೂ ಹೆದರುತ್ತಾರೆ. ಎಂಡೋಸ್ಕೋಪಿಯಲ್ಲಿ ಸಣ್ಣ ತೂತು ಮಾಡಿ ಹಾಕುವುದು ಅದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1979ರಲ್ಲಿ ಮೊದಲು ಮಾಡಿದ್ದೇ ಒಂದು ಪುಟ್ಟ ಮಗುವಿಗೆ.

ಊಟದ ಲೆಕ್ಕ · 3:10

ನಾನು ಡಯಟಿಷಿಯನ್. ಟ್ಯೂಬ್ ಸರಿ ಇದ್ದರೂ ಪೇಷೆಂಟ್ ಸೊರಗುವುದನ್ನು ನಾನು ವಾರವಾರ ನೋಡುತ್ತೇನೆ. ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಹೋದ ವಾರ ಒಬ್ಬರು ಮನೆಯ ಫೀಡ್ ಚೀಟಿ ತಂದರು. ಎರಡು ಸಲ ಹಾಲು, ಎರಡು ಸಲ ತೆಳು ರಾಗಿ ಗಂಜಿ, ಒಂದು ಸಲ ಬೇಳೆ ಕಟ್ಟು, ಒಂದು ಸಲ ಎಳನೀರು. ಎಲ್ಲವೂ 200 ಎಂಎಲ್. ಹೊಟ್ಟೆ ತುಂಬಾ ಹಾಕುತ್ತಿದ್ದೇವೆ ಅಂದರು. ಲೆಕ್ಕ ಹಾಕಿದರೆ 500 ಕ್ಯಾಲೊರಿಯೂ ಇಲ್ಲ, ಪ್ರೋಟೀನ್ 20 ಗ್ರಾಂ ಮುಟ್ಟಲಿಲ್ಲ. ಆ ಅಮ್ಮನ ತೂಕ 50 ಕೆಜಿ. ಕೆಜಿಗೆ 25ರಿಂದ 30 ಕ್ಯಾಲೊರಿ ಅಂತ ಹಿಡಿದರೂ 1250ರಿಂದ 1500 ಬೇಕು. ಪ್ರೋಟೀನ್ ಕಡೇಪಕ್ಷ 50 ಗ್ರಾಂ. ಬೆನ್ನ ಕೆಳಗೆ ಹುಣ್ಣಾಗಿತ್ತು, ಅದಕ್ಕೆ ಇನ್ನೂ ಜಾಸ್ತಿ. ದಿನವೂ ಡ್ರೆಸ್ಸಿಂಗ್ ಮಾಡುತ್ತಿದ್ದರು, ಹುಣ್ಣು ಮಾಯುತ್ತಿರಲಿಲ್ಲ.

ಗಂಜಿ ತೆಳುವಾಗಿಯೇ ಇರಬೇಕು, ಇಲ್ಲದಿದ್ದರೆ ಟ್ಯೂಬ್ ಕಟ್ಟುತ್ತದೆ. ಹಾಗಾದರೆ ಶಕ್ತಿ ಎಲ್ಲಿಂದ? ಇದಕ್ಕೆ ನಮ್ಮ ಮನೆಗಳಲ್ಲೇ ಉತ್ತರ ಇದೆ. ಕೂಸಿಗೆ ರಾಗಿ ಸರಿ ಮಾಡುತ್ತೇವಲ್ಲ, ಅದೇ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ಗಟ್ಟಿಯಾಗುವುದಿಲ್ಲ. ಅದಕ್ಕೆ ನೀರಿನ ಬದಲು ಹಾಲು, ಒಂದು ಚಮಚ ಎಣ್ಣೆ (5 ಎಂಎಲ್ ಅಂದರೆ 45 ಕ್ಯಾಲೊರಿ), ಹುರಿಗಡಲೆಯ ನಯವಾದ ಪುಡಿ. ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಅರೆದು ಹಾಕಬಹುದು, ಒಂದರಲ್ಲಿ 6 ಗ್ರಾಂ ಪ್ರೋಟೀನ್. ಹಸಿ ಮೊಟ್ಟೆ ಮಾತ್ರ ಬೇಡವೇ ಬೇಡ. ಬೇಳೆಯ ಕಟ್ಟು ಬಿಟ್ಟು ಬೇಳೆಯನ್ನೇ ಮಿಕ್ಸಿಗೆ ಹಾಕಿ ಸೋಸಿ.

ಕಿಡ್ನಿ, ಲಿವರ್, ಹೃದಯದ ತೊಂದರೆ ಇದ್ದವರಿಗೆ ಇದು ಯಾವುದನ್ನೂ ಕೇಳದೆ ಬದಲಿಸಬೇಡಿ. ನೀರಿಗೂ ಅವರಿಗೆ ಮಿತಿ ಇರುತ್ತದೆ. ಟ್ಯೂಬ್ ತೊಳೆಯಲು ಹಾಕುವ ನೀರೂ ಆ ಲೆಕ್ಕದೊಳಗೇ ಬರಬೇಕು. ಇನ್ನು, ಐದಾರು ದಿನ ಏನೂ ತಿನ್ನದೆ ಬಂದವರಿಗೆ ಮೊದಲ ದಿನವೇ ಪೂರ್ತಿ ಊಟ ಹಾಕಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಇಳಿದು ಹೃದಯಕ್ಕೇ ತೊಂದರೆ ಆಗುತ್ತದೆ. ಪಾಪ ಹಸಿದಿದ್ದಾರೆ ಅಂತ ಪ್ರೀತಿಯಿಂದ ಮಾಡುವ ತಪ್ಪು ಅದು.

ಮಾಡಿದ ಫೀಡ್ ಹೊರಗೆ ಎರಡು ಗಂಟೆ ದಾಟಿದರೆ ಚೆಲ್ಲಿ. ಫ್ರಿಜ್ಜಿನಲ್ಲಿ ಇಟ್ಟರೂ ಒಂದೇ ದಿನ. ಹಾಕುವ ಮುಂಚೆ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ತಣುಪು ಬಿಡಿಸಿ.

ಹಳೇ ಅಟೆಂಡರ್ · 4:25

ಬೆಳಿಗ್ಗೆಯಿಂದ ಯೋಚನೆ ಮಾಡುತ್ತಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬ ತಾತನಿಗೆ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತಿತ್ತು. ವಯಸ್ಸಾಗಿದೆ ಅಂದುಕೊಂಡೆವು. ಸಿಸ್ಟರ್ ಬರೆದದ್ದು ಓದಿದ ಮೇಲೆ ಬೇರೆ ನೆನಪಾಯಿತು. ನಾನು ಫೀಡ್ ಹಾಕಿ ಮುಗಿಸಿ, ತಕ್ಷಣ ಮಲಗಿಸಿ ಡೈಪರ್ ಬದಲಿಸುತ್ತಿದ್ದೆ. ದಿನವೂ. ಫೀಡ್ ಹೋದರೆ ಮೋಷನ್ ಆಗುತ್ತದೆ, ಆಮೇಲೆ ಒಂದೇ ಸಲ ಕ್ಲೀನ್ ಮಾಡೋಣ ಅಂತ. ಅದರಿಂದಲೂ ಆಗಿರಬಹುದಾ?

ವಾರ್ಡ್ ಸಿಸ್ಟರ್ · 5:00

ಆಗಿರಬಹುದು ಅಣ್ಣ. ಅದರಿಂದಲೇ ಅಂತ ಯಾರೂ ಹೇಳಲಾರರು. ಕೇಳಿದಿರಲ್ಲ, ಅದು ದೊಡ್ಡದು.

ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಫೀಡ್ ನಡೆಯುವಾಗಲೂ ಬೇಕು, ಮುಗಿದು ಒಂದು ಗಂಟೆಯ ತನಕವೂ ಬೇಕು. ಅದಕ್ಕೇ ಡೈಪರ್, ಮೈ ಒರೆಸುವುದು, ಕಫ ಎಳೆಯುವುದು, ಫಿಸಿಯೋ, ಎಲ್ಲವೂ ಫೀಡಿಗೆ ಮುಂಚೆ. ಆಮೇಲೆ ಡೈಪರ್ ಬದಲಿಸಲೇಬೇಕಾದರೆ ಮಂಚ ಚಪ್ಪಟೆ ಮಾಡದೆ ಪಕ್ಕಕ್ಕೆ ಹೊರಳಿಸಿ. ಮನೆಯ ಸಾದಾ ಮಂಚದಲ್ಲಿ ಎರಡು ದಿಂಬು ಕೊಟ್ಟರೆ ಪೇಷೆಂಟ್ ಕೆಳಗೆ ಜಾರಿ ಹೊಟ್ಟೆ ಮಡಚುತ್ತದೆ. ಸೊಂಟದಿಂದ ಮೇಲೆ ಇಳಿಜಾರಾಗುವಂತೆ ಬೆನ್ನಿಗೆ ಆಸರೆ ಕೊಡಿ, ಮೊಣಕಾಲ ಕೆಳಗೆ ಒಂದು ಸಣ್ಣ ದಿಂಬು ಇಡಿ.

ಸಿರಿಂಜಿನ ಪ್ಲಂಜರಿನಿಂದ ಗಂಜಿ ಒತ್ತುವುದನ್ನೂ ಬಿಟ್ಟುಬಿಡಿ. ಪ್ಲಂಜರ್ ತೆಗೆದು, 50 ಎಂಎಲ್ ಸಿರಿಂಜನ್ನು ಹೊಟ್ಟೆಯ ಮಟ್ಟದಿಂದ ಒಂದು ಅಡಿ ಮೇಲೆ ಹಿಡಿದು, ತಾನಾಗಿ ಇಳಿಯಲು ಬಿಡಿ. 200 ಎಂಎಲ್‌ಗೆ ಹದಿನೈದು, ಇಪ್ಪತ್ತು ನಿಮಿಷ ಹಿಡಿಯಲಿ. ಸಿರಿಂಜ್ ಪೂರ್ತಿ ಖಾಲಿಯಾಗಿ ಗಾಳಿ ಹೋಗುವ ಮುಂಚೆ ಮುಂದಿನದು ಸುರಿಯಿರಿ. ಮೊದಲು 30 ಎಂಎಲ್ ಕುದಿಸಿ ಆರಿಸಿದ ನೀರು, ಕೊನೆಗೂ 30. ನಡುವೆ ಕೆಮ್ಮು, ಮುಖ ನೀಲಿ, ಏದುಸಿರು, ಆಕ್ಸಿಮೀಟರ್ ಅಂಕಿ ಇಳಿಯುವುದು ಕಂಡರೆ ಟ್ಯೂಬ್ ಮಡಚಿ ಹಿಡಿದು ಅಲ್ಲಿಗೇ ನಿಲ್ಲಿಸಿ, ಕೂರಿಸಿ, ಫೋನ್ ಮಾಡಿ. ಉಳಿದದ್ದು ದಂಡ ಆಗುತ್ತದೆ ಅಂತ ನೋಡಬೇಡಿ.

ಅಮ್ಮನ ಮಗಳು, ಮೈಸೂರು · 5:30

ಮಾತ್ರೆ ವಿಷಯ ಯಾರೂ ಬರೆದಿಲ್ಲ. ನಾವು ಆರು ಮಾತ್ರೆ ಒಟ್ಟಿಗೆ ಕುಟ್ಟಿ ಗಂಜಿಗೆ ಕಲಸಿ ಹಾಕುತ್ತಿದ್ದೆವು. ಟ್ಯೂಬ್ ಎರಡು ಸಲ ಕಟ್ಟಿಕೊಂಡಿತು. ಒಂದೊಂದನ್ನೇ ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕರಗಿಸಿ, ನಡುನಡುವೆ ನೀರು ಬಿಡಬೇಕು ಅಂತ ಆಮೇಲೆ ಗೊತ್ತಾಯಿತು. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಂತ ಇರುವ, ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆಗಳನ್ನು ಕುಟ್ಟಲೇಬಾರದು, ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಇಳಿಯುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯನ್ನೂ ಕುಟ್ಟಬಾರದು. ಡಾಕ್ಟರನ್ನು ಕೇಳಿದರೆ ಸಿರಪ್ಪೋ ಬೇರೆ ಮಾತ್ರೆಯೋ ಬರೆದುಕೊಡುತ್ತಾರೆ. ಅಮ್ಮನ ಫಿಟ್ಸ್ ಔಷಧಿ ಫೆನಿಟಾಯಿನ್. ಅದು ಫೀಡ್ ಜೊತೆ ಹೋದರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಮುಂಚೆ, ನಂತರ ಎಷ್ಟು ಹೊತ್ತು ಬಿಡಬೇಕು ಅಂತ ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ.

ಕಟ್ಟಿಕೊಂಡ ಟ್ಯೂಬಿಗೆ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿದರೆ ಬಿಡಬಹುದು. ಜೋರಾಗಿ ಒತ್ತಬೇಡಿ, ತಂತಿ ತೂರಿಸಬೇಡಿ.

ರಾತ್ರಿ ಪಾಳಿ · 6:45

ನಾನೂ ಒಂದು ಹೇಳಿಬಿಡುತ್ತೇನೆ. ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಮಂದ ಬೆಳಕಿನಲ್ಲಿ ಹಾಲಿನ ಸಿರಿಂಜನ್ನು ಕೈಯ ಡ್ರಿಪ್ ಲೈನಿಗೆ ಹಿಡಿದಿದ್ದೆ. ಸಿರಿಂಜ್ ಅದಕ್ಕೂ ಕೂರುತ್ತಿತ್ತು. ಪಕ್ಕದ ಬೆಡ್ಡಿನ ಪೇಷೆಂಟಿನ ಮಗಳು "ಅಕ್ಕಾ, ಅದು ಕೈದು" ಅಂತ ಕೂಗಿದಳು. ಹೋಗಿದ್ದರೆ ಆ ಮನುಷ್ಯ ಉಳಿಯುತ್ತಿರಲಿಲ್ಲ. ಅವತ್ತಿನಿಂದ ಲೈಟ್ ಹಾಕದೆ ಮುಟ್ಟುವುದಿಲ್ಲ. ಮೂಗಿನಿಂದ ಸಿರಿಂಜಿನ ತನಕ ಟ್ಯೂಬನ್ನು ಬೆರಳಲ್ಲಿ ಹಿಡಿದು ಬರುತ್ತೇನೆ. ಎರಡು ಪೈಪಿಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿದ್ದೇನೆ.

ಕಾರ್ಡಿಫ್ ಕನ್ನಡಿಗ · 7:20

ಹೇಳಿದ್ದು ತುಂಬಾ ಒಳ್ಳೆಯದಾಯಿತು. ಇದಕ್ಕೆಂದೇ ಎನ್‌ಫಿಟ್ ಅಂತ ಬೇರೆ ಬಗೆಯ ಜೋಡಣೆ ಬಂದಿದೆ. ಅದರ ಸಿರಿಂಜ್ ಫೀಡ್ ಟ್ಯೂಬಿಗೆ ಕೂರುತ್ತದೆ, ರಕ್ತನಾಳದ ಲೈನಿಗೆ ಕೂರುವುದೇ ಇಲ್ಲ. ಸಿಗುವ ಕಡೆ ಅದನ್ನೇ ಕೇಳಿ.

ಹಾಸನದ ಹುಡುಗಿ · ರಾತ್ರಿ 9:10

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಕ್ಸ್‌ರೇ ತೆಗೆದರು. ಟ್ಯೂಬಿನ ತುದಿ ಅನ್ನನಾಳದಲ್ಲೇ ಇತ್ತು. ಗಾಳಿ ಸದ್ದು ಕೇಳಿ ಹಾಕಿದ್ದರೆ ಏನಾಗುತ್ತಿತ್ತೋ. ಬೇರೆ ಟ್ಯೂಬ್ ಹಾಕಿ, ಮತ್ತೆ ಎಕ್ಸ್‌ರೇ ನೋಡಿ ಕಳಿಸಿದರು. 56ಕ್ಕೆ ಗೆರೆ ಹಾಕಿದ್ದಾರೆ. ಆ ಅಂಕಿಯನ್ನು ಮಂಚದ ತಲೆಯ ಹತ್ತಿರ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಪಾಳಿ ಬದಲಾಗುವಾಗ ಇಬ್ಬರೂ ನಿಂತು ನೋಡಿ ಸಹಿ ಹಾಕುವುದು ಅಂತ ಮಾಡಿಕೊಂಡಿದ್ದೇವೆ. ಮಗ "ನೀನು ಬೇಡ ಅಂದಿದ್ದು ಒಳ್ಳೆಯದಾಯಿತಮ್ಮ" ಅಂದರು. ಬೆಳಿಗ್ಗೆ ಅವರಿಗೆ ಇಲ್ಲ ಅನ್ನುವಾಗ ನನ್ನ ಕೈ ನಡುಗುತ್ತಿತ್ತು.

ಒಂದು ಕೊನೆಯ ಪ್ರಶ್ನೆ. ಅಜ್ಜ ಕಾಫಿ ಪ್ರಿಯರು. ಅಡುಗೆಮನೆಯಿಂದ ಡಿಕಾಕ್ಷನ್ ವಾಸನೆ ಬಂದರೆ ನನ್ನ ಕಡೆ ನೋಡಿ ಎಡಗೈಯಲ್ಲಿ ಲೋಟ ಎತ್ತಿದ ಹಾಗೆ ತೋರಿಸುತ್ತಾರೆ. ಒಂದು ಹನಿ ನಾಲಿಗೆಗೆ ಸವರಬಹುದಾ?

ವಾರ್ಡ್ ಸಿಸ್ಟರ್ · 9:35

ಈಗಲೇ ಬೇಡಮ್ಮ. ನುಂಗುವುದನ್ನು ಪರೀಕ್ಷೆ ಮಾಡುವ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ. ಅವರು ನೋಡಿ ಹೇಳಲಿ. ಕೆಲವರಿಗೆ ಹತ್ತಿಯಲ್ಲಿ ಅದ್ದಿ ರುಚಿ ತೋರಿಸಲು ಒಪ್ಪುತ್ತಾರೆ. ಅಲ್ಲಿಯವರೆಗೆ ಬೆಳಿಗ್ಗೆ, ರಾತ್ರಿ ಮೆತ್ತನೆ ಬ್ರಷ್ಷಿನಲ್ಲಿ ಹಲ್ಲು, ನಾಲಿಗೆ ಉಜ್ಜು. ಬಾಯಿಂದ ತಿನ್ನುವುದಿಲ್ಲ ಅಂತ ಬಾಯಿ ಕ್ಲೀನ್ ಮಾಡುವುದನ್ನೇ ಎಷ್ಟೋ ಮನೆಯಲ್ಲಿ ಬಿಟ್ಟಿರುತ್ತಾರೆ. ಆ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತುಟಿಗೆ ಸ್ವಲ್ಪ ವ್ಯಾಸಲೀನ್ ಸವರು.

ಹಾಸನದ ಹುಡುಗಿ · 9:42

ಸರಿ ಸಿಸ್ಟರ್. ಗುರುವಾರ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗೋಣ ಅಂತ ಮಗ ಒಪ್ಪಿದ್ದಾರೆ. ಬಂದು ಇಲ್ಲೇ ಬರೆಯುತ್ತೇನೆ. ಅಜ್ಜನಿಗೂ ಹೇಳಿದೆ, ಗುರುವಾರ ಕೇಳೋಣ ಅಂತ. ಎಡಗೈ ಎತ್ತಿ ಮತ್ತೆ ಲೋಟ ತೋರಿಸಿದರು.